ಪದ ಬೇಕಿದೆ: ಚಳಿಗಾಲದಲ್ಲಿ ಗುಂಗುರು ಕೂದಲು ಕಾಯುವ ಜಡೆ

ಚಿಕಾಗೋದಿಂದ, ಕೇಳಿದವರು:

ಎಲ್ಲರಿಗೂ ನಮಸ್ಕಾರ. ಗುರುವಾರದೊಳಗೆ ಕೆಲವು ಪದ ಬೇಕು.

ನಮ್ಮಮ್ಮ ಹಾಸನದಿಂದ ಬರುತ್ತಿದ್ದಾರೆ. ಚಳಿಗಾಲ ಮುಗಿಯುವವರೆಗೂ ಇರುತ್ತಾರೆ. ನನಗೆ ರಾತ್ರಿ ಪಾಳಿ ಇರುವುದರಿಂದ ಮಗಳ ತಲೆ ಬಾಚುವ ಕೆಲಸ ಅಮ್ಮನದೇ. ನನ್ನ ಗಂಡ ಆಫ್ರಿಕನ್ ಅಮೆರಿಕನ್. ಮಗಳಿಗೆ ನಮ್ಮತ್ತೆಯ ಕೂದಲೇ ಬಂದಿದೆ, ಬಿಗಿಯಾದ ಸಣ್ಣ ಸಣ್ಣ ಸುರುಳಿ. ಅಮ್ಮನಿಗೆ ಗೊತ್ತಿರುವುದು ಒಣಗೂದಲನ್ನು ಬುಡದಿಂದ ಬಾಚಿ, ಎಣ್ಣೆ ಹಚ್ಚಿ, ಬಿಗಿಯಾಗಿ ಎರಡು ಜಡೆ ಹಾಕುವುದು. ಈ ಕೂದಲಿಗೆ ಅದು ಆಗಿಬರುವುದಿಲ್ಲ. ಸುರುಳಿ ತಿರುಗುವ ಜಾಗದಲ್ಲೆಲ್ಲ ಕೂದಲು ಬೇಗ ಮುರಿಯುತ್ತದೆ. ನೆತ್ತಿಯ ಜಿಡ್ಡು ತುದಿಯವರೆಗೆ ಇಳಿಯುವುದಿಲ್ಲ. ಇಲ್ಲಿಯ ಚಳಿಗಾಳಿ ಒಣ, ಮನೆಯೊಳಗಿನ ಹೀಟರ್ ಇನ್ನೂ ಒಣಗಿಸುತ್ತದೆ. ಸಾಲದ್ದಕ್ಕೆ ಉಣ್ಣೆ ಟೋಪಿ ಉಜ್ಜಿ ಉಜ್ಜಿ ತುದಿ ತುಂಡಾಗುತ್ತದೆ. ಅದಕ್ಕೆ ಕೂದಲಿಗೆ ಚೆನ್ನಾಗಿ ತೇವ ಹಿಡಿಸಿ, ಹೆಣೆದು, ತುದಿಗಳನ್ನು ಒಳಗೆ ಸೇರಿಸಿ, ಕೆಲವು ವಾರ ಹಾಗೇ ಬಿಡುತ್ತಾರೆ. ದೊಡ್ಡವರು 6ರಿಂದ 8 ವಾರ. ಮಕ್ಕಳಿಗೆ ಇನ್ನೂ ಬೇಗ ಬಿಚ್ಚುವುದು ಒಳ್ಳೆಯದು. ಇದಕ್ಕೆ ಇಲ್ಲಿ ಪ್ರೊಟೆಕ್ಟಿವ್ ಸ್ಟೈಲ್ ಅನ್ನುತ್ತಾರೆ.

ಫ್ರಿಜ್ ಮೇಲೆ ಅಂಟಿಸಲು ಒಂದು ಪುಟದ ಚೀಟಿ ಬರೆಯುತ್ತಿದ್ದೇನೆ. ಬೇಕಾದ ಪದಗಳು: ಪ್ರೊಟೆಕ್ಟಿವ್ ಸ್ಟೈಲ್, ನ್ಯಾಚುರಲ್ ಹೇರ್, ಕಾರ್ನ್‌ರೋ, ಬಾಕ್ಸ್ ಬ್ರೇಡ್, ಟ್ವಿಸ್ಟ್, ಎಡ್ಜಸ್, ರಾತ್ರಿ ಹಾಕುವ ಸ್ಯಾಟಿನ್ ಬಾನೆಟ್. ನೈಸರ್ಗಿಕ ಕೂದಲು ಅಂತ ಬರೆದರೆ ಅಮ್ಮ ಅದನ್ನು ಚವರಿ ಅಲ್ಲದ ಕೂದಲು ಅಂತ ತಿಳಿಯುತ್ತಾರೆ. ಇಲ್ಲಿ ಅದರ ಅರ್ಥ ಬೇರೆ. ಕೆಮಿಕಲ್ ಹಾಕಿ ನೆಟ್ಟಗೆ ಮಾಡಿಸದ ಕೂದಲು ಅಂತ.

ಮೈಸೂರಿನಿಂದ:

ರಕ್ಷಣಾತ್ಮಕ ಕೇಶವಿನ್ಯಾಸ ಅಂತ ಯಾರಾದರೂ ಬರೆಯುವ ಮೊದಲೇ ಹೇಳುತ್ತೇನೆ, ಬೇಡ. ಯಾವ ಮನೆಯಲ್ಲೂ ಯಾರೂ ಹಾಗೆ ಮಾತಾಡುವುದಿಲ್ಲ.

ಜಡೆಯೂ ಬೇಡ. ಅದು ಸಂಸ್ಕೃತದ ಜಟಾ. ಕಟಕ ಕಡಗ ಆದ ಹಾಗೆ ಟಕಾರ ಡಕಾರವಾಗಿದೆ, ಅಷ್ಟೇ. ನಮ್ಮದೇ ಹೆರಳು ಇದೆ. ಹೆಣೆ ಇದೆ, ಕಾಯು ಇದೆ, ಕಾಪು ಇದೆ. ಕಾಪುಹೆರಳು ಅನ್ನಿ. ಟ್ವಿಸ್ಟ್‌ಗೆ ಹುರಿ ಅನ್ನಿ. ಎರಡೆಳೆ ತೆಗೆದುಕೊಂಡು ಹೊಸೆದರೆ ಹುರಿಯೇ ಆಗುವುದು, ಹಗ್ಗಕ್ಕೂ ಕೂದಲಿಗೂ ಅದೇ ಮಾತು. ಇದಕ್ಕೆ ಇಂಗ್ಲಿಷ್ ಯಾಕೆ ಬೇಕು?

ಬೆಂಗಳೂರಿನಿಂದ:

ಕಾಪು ಅಂದರೆ ಉಡುಪಿ ಹತ್ತಿರದ ಊರು. ದೀಪಸ್ತಂಭ ಇದೆಯಲ್ಲ, ಅದು. ಹಾಸನದ ಅಜ್ಜಿಗೆ ಕಾಪುಹೆರಳು ಅಂದರೆ ಏನೂ ಅರ್ಥ ಆಗುವುದಿಲ್ಲ.

ಇಂಗ್ಲಿಷ್ ಪದಗಳನ್ನೇ ಕನ್ನಡ ಲಿಪಿಯಲ್ಲಿ ಬರೆಯಿರಿ. ನಮ್ಮವರಿಗೆ ಇಲ್ಲದ ಕೂದಲಿಗೆ ಕನ್ನಡ ಪದ ಎಲ್ಲಿಂದ ಬರಬೇಕು? ನ್ಯಾಚುರಲ್ ಹೇರ್‌ಗೆ ಸಿಕ್ಕುಗೂದಲು ಅಂದರೆ ಸಾಕು.

ಯಲ್ಲಾಪುರದಿಂದ:

ನಾನು ಸಿದ್ದಿ ಸಮುದಾಯದವಳು, ನಮ್ಮ ಹಿರಿಯರು ಆಫ್ರಿಕಾ ಮೂಲದವರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲ, ಎಲ್ಲ ಕಡೆ ನಾವಿದ್ದೇವೆ. ಶತಮಾನಗಳಿಂದ ಇದ್ದೇವೆ. ಮನೆಯಲ್ಲಿ ಕೊಂಕಣಿ ಮಾತಾಡಿದರೂ ಓದಿದ್ದು ಕನ್ನಡದಲ್ಲಿ. ಹಾಗಾಗಿ ನಮ್ಮವರಿಗೆ ಇಲ್ಲದ ಕೂದಲು ಅನ್ನಬೇಡಿ ಸರ್. ಈ ಕೂದಲು ಕನ್ನಡ ನಾಡಿನಲ್ಲಿ ಇದೆ.

ಸಿಕ್ಕು ಬೇರೆ, ಗುಂಗುರು ಬೇರೆ. ಬಾಚದೆ ಬಿಟ್ಟರೆ ಯಾರ ಕೂದಲಾದರೂ ಸಿಕ್ಕಾಗುತ್ತದೆ. ಹುಟ್ಟಿನಿಂದ ಬಂದ ಸುರುಳಿಯನ್ನು ಸಿಕ್ಕು ಅಂದರೆ ಮಗುವಿನ ತಲೆಯಲ್ಲೇ ಏನೋ ತಪ್ಪಿದೆ ಅಂದ ಹಾಗೆ. ಅಕ್ಕಾ, ನೀವು ಗುಂಗುರು ಕೂದಲು ಅಂತಲೇ ಬರೆಯಿರಿ. ಇನ್ನೂ ಬಿಗಿ ಅನ್ನಬೇಕಾದರೆ ಬಿಗಿಗುಂಗುರು. ಒರಟು, ಸುರುಟು ಅನ್ನುವುದೂ ಬೇಡ.

ಚಿಕಾಗೋದಿಂದ:

ತಂಗಿ, ತುಂಬಾ ಥ್ಯಾಂಕ್ಸ್. ಸಿಕ್ಕು ಅನ್ನುವ ಮಾತು ಈ ಚೀಟಿಯಲ್ಲಿ ಬಾಚಣಿಗೆಯ ವಿಷಯಕ್ಕೆ ಮಾತ್ರ ಬರುತ್ತದೆ. ಬೇರೆಲ್ಲೂ ಇಲ್ಲ. ಇಂಥ ಕೂದಲನ್ನು, ಇಂಥ ಜಡೆಗಳನ್ನು ಅಶಿಸ್ತು ಅಂತ ಕರೆದು ಮಕ್ಕಳನ್ನು ಶಾಲೆಯಿಂದ, ದೊಡ್ಡವರನ್ನು ಕೆಲಸದಿಂದ ದೂರ ಇಟ್ಟಿದ್ದಾರೆ. ಅದನ್ನು ತಡೆಯಲು ಕ್ಯಾಲಿಫೋರ್ನಿಯಾ 2019ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ನಮ್ಮ ಇಲಿನಾಯ್‌ನಲ್ಲೂ ಈಗ ಅಂಥ ಕಾನೂನಿದೆ. ಹೊರಗೆ ಇಷ್ಟು ಕೇಳಿಸಿಕೊಳ್ಳುವ ಮಗು ತನ್ನ ಅಜ್ಜಿಯ ಬಾಯಲ್ಲಿ ಆ ಪದ ಕೇಳಬಾರದು.

ಧಾರವಾಡದಿಂದ:

ನಾನೂ ಹೆರಳು ಅಂತಲೇ ಹೇಳುತ್ತೇನೆ, ಆದರೆ ಮೈಸೂರಿನ ಮೇಷ್ಟ್ರು ಹೇಳಿದ ಕಾರಣಕ್ಕಲ್ಲ. ನಮ್ಮ ಕಡೆ ಜಡೆ ಬಂತು ಅಂದರೆ ಕೂದಲು ತಾನಾಗಿ ಅಂಟಿಕೊಂಡು ಗಂಟಾಯಿತು ಅಂತ. ಅದನ್ನು ಸವದತ್ತಿ ಎಲ್ಲಮ್ಮ ಕರೆದಳು ಅಂತ ತಿಳಿದು ಹೆಣ್ಣುಮಕ್ಕಳನ್ನು ದೇವರಿಗೆ ಬಿಟ್ಟಿದ್ದಾರೆ. 1982ರ ದೇವದಾಸಿ ನಿಷೇಧ ಕಾನೂನು ಬಂದ ಮೇಲೂ ಆ ಹೆದರಿಕೆ ಪೂರಾ ಹೋಗಿಲ್ಲ. ಇಲ್ಲಿ ಗುಂಗುರು ಕೂದಲಿನ ಹುಡುಗಿಗೆ ಜಡೆ ಅಂದರೆ ಕೇಳಿದವರು ಬೇರೆ ತಿಳಿಯುತ್ತಾರೆ. ಚೀಟಿ ಹಾಸನದವರಿಗಾದರೆ ಅಡ್ಡಿಯಿಲ್ಲ. ಆ ಕಡೆ ಜಡೆ ದಿನದ ಮಾತು.

ಎಡ್ಜಸ್‌ಗೆ ಮುಂಗುರುಳು ಅಂತ ಪದ ಇದೆಯಲ್ಲ! ಹಣೆಯಂಚಿನ ಎಳೆಗೂದಲು. ಬಿಗಿಯಾಗಿ ಎಳೆದು ಕಟ್ಟಿದರೆ ಮೊದಲು ಹೋಗುವುದೇ ಅದು. ಬಾಕ್ಸ್ ಬ್ರೇಡ್‌ಗೆ ಚೌಕ, ಪೆಟ್ಟಿಗೆ ಏನೂ ಬೇಡ. ಮನೆ ಮನೆಯಾಗಿ ಬೈತಲೆ ತೆಗೆದು ಒಂದೊಂದು ಮನೆಗೆ ಒಂದು ಹೆರಳು ಅನ್ನಿ. ಕುಂಟೆಬಿಲ್ಲೆ ಆಡಿದವರಿಗೆಲ್ಲ ಮನೆ ಅಂದರೆ ಏನು ಅಂತ ಗೊತ್ತು. ಬೇರೆ ಕೂದಲು ಸೇರಿಸಿ ಹೆಣೆಯುವುದಕ್ಕೆ ಚವರಿ ಇದ್ದೇ ಇದೆ. ಬಾನೆಟ್‌ಗೆ ನಮ್ಮಲ್ಲಿ ಕುಂಚಿಗೆ, ನಿಮ್ಮ ಕಡೆ ಕುಲಾವಿ.

ಮೈಸೂರಿನಿಂದ:

ಕುಲಾವಿ ಪಾರಸಿ. ಕುಲಾಹ್.

ಧಾರವಾಡದಿಂದ:

ಇರಲಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತ ಗಾದೆ ಕಟ್ಟಿಕೊಂಡ ಮೇಲೂ ಅದು ಪಾರಸಿಯಾ?

ಬೆಂಗಳೂರಿನಿಂದ:

ಸಿಕ್ಕುಗೂದಲು ವಾಪಸ್ ತೆಗೆದುಕೊಂಡೆ. ಉಳಿದದ್ದರಲ್ಲಿ ನನ್ನ ಮಾತು ಅದೇ. ಇಂಗ್ಲಿಷ್ ಪದ ಅಂದರೆ ಸಿಟ್ಟು ಮಾಡುತ್ತೀರಿ. ಶ್ಯಾಂಪೂ ಅನ್ನುವ ಪದ ಇಂಗ್ಲಿಷಿಗೆ ಹೋಗಿದ್ದೇ ಹಿಂದಿಯ ಚಾಂಪೋದಿಂದ, ತಲೆ ಮೈ ತಿಕ್ಕು ಅನ್ನುವ ಅರ್ಥದಲ್ಲಿ. ಪದಗಳು ಊರೂರು ತಿರುಗುತ್ತವೆ. ಬೇಲಿ ಹಾಕಿ ಏನು ಮಾಡುತ್ತೀರಿ?

ಮೈಸೂರಿನಿಂದ:

ಹಿಂದಿಯಿಂದ ಬಂದರೆ ಕನ್ನಡ ಆಗಿಬಿಡುತ್ತದೆಯೇ? ನಾನು ಬೇಲಿ ಹಾಕುತ್ತಿಲ್ಲ. ಮನೆಯಲ್ಲಿ ಇರುವ ಪದ ಬಿಟ್ಟು ಹೊರಗಿನದು ತರಬೇಡಿ ಅನ್ನುತ್ತಿದ್ದೇನೆ. ಮುಂಗುರುಳು, ಬೈತಲೆ, ಹುರಿ, ಹೊಸೆ, ಇವು ಯಾರ ನೆನಪಿಗೂ ಬರದೆ ಹೋಗಿದ್ದರೆ ಚೀಟಿ ತುಂಬ ಇಂಗ್ಲಿಷೇ ಇರುತ್ತಿತ್ತು.

ಯಲ್ಲಾಪುರದಿಂದ:

ಕಾರ್ನ್‌ರೋ ಬಗ್ಗೆ ಯಾರೂ ಹೇಳಲಿಲ್ಲ. ಜೋಳದ ಸಾಲು ಅಂತ ಮಾಡಬೇಡಿ, ಓದಿದವರು ಹೊಲ ಹುಡುಕುತ್ತಾರೆ. ಕೆರಿಬಿಯನ್ ಕಡೆಯವರು ಅದನ್ನೇ ಕೇನ್‌ರೋ, ಅಂದರೆ ಕಬ್ಬಿನ ಸಾಲು ಅನ್ನುತ್ತಾರಂತೆ. ಬೆಳೆ ಯಾವುದಾದರೂ ಆಗಲಿ, ಸಾಲು ಮುಖ್ಯ. ನೆತ್ತಿಗೆ ಅಂಟಿಕೊಂಡು ಸಾಲಾಗಿ ಹೋಗುತ್ತದೆ. ಸಾಲುಜಡೆ ಸಾಕಲ್ವಾ?

ಚಿಕಾಗೋದಿಂದ:

ಸಾಲುಜಡೆ ತುಂಬಾ ಚೆನ್ನಾಗಿದೆ, ಅದನ್ನೇ ಇಟ್ಟುಕೊಂಡೆ. ಮೇಷ್ಟ್ರೇ, ಹುರಿ ತೆಗೆದುಕೊಂಡೆ. ಕಾಪು ಬಿಟ್ಟೆ. ಅಮ್ಮನಿಗೆ ಕೂದಲು ಕಾಯುವ ಜಡೆ ಅಂದರೆ ಎರಡನೇ ಸಲ ಕೇಳುವುದಿಲ್ಲ. ಚೀಟಿ ಹೀಗಾಗಿದೆ:

ಅಮ್ಮಾ, ಪುಟ್ಟಿಯದು ಗುಂಗುರು ಕೂದಲು. ಒಣಗಿದ್ದಾಗ ಬಾಚಬೇಡ. ನೀರು ಚಿಮುಕಿಸಿ, ಕಂಡೀಷನರ್ ಹಚ್ಚಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯ ಸಿಕ್ಕು ಮೊದಲು ಬಿಡಿಸು. ಆಮೇಲೆ ಮೇಲೆ ಮೇಲೆ ಬಾ. ತೇವ ಇರುವಾಗಲೇ ಕ್ರೀಮು, ಅದರ ಮೇಲೆ ಸ್ವಲ್ಪ ಎಣ್ಣೆ. ಬರೀ ಎಣ್ಣೆ ಸಾಲದು, ಅದು ಒಳಗಿನ ತೇವ ಹೋಗದ ಹಾಗೆ ತಡೆಯುತ್ತದೆ ಅಷ್ಟೇ. ಮನೆ ಮನೆಯಾಗಿ ಬೈತಲೆ ತೆಗೆದು ಕೂದಲು ಕಾಯುವ ಜಡೆ ಹಾಕು. ಪುರುಸೊತ್ತಿಲ್ಲದ ದಿನ ಎರಡೆಳೆ ಹುರಿ ಸಾಕು. ಸಾಲುಜಡೆ ನಮ್ಮತ್ತೆ ಭಾನುವಾರ ಬಂದು ಹಾಕುತ್ತಾರೆ. ಮುಂಗುರುಳು ಎಳೆಯಬೇಡ. ನೋವು ಅಂದರೆ, ಬುಡದಲ್ಲಿ ಗುಳ್ಳೆ ಕಂಡರೆ, ಆಗಲೇ ಬಿಚ್ಚು. ಜಡೆ ಇದ್ದರೂ ನೆತ್ತಿ ತೊಳೆಯಬೇಕು. ತಲೆ ಒದ್ದೆ ಇರುವಾಗ ಹೊರಗೆ ಕಳಿಸಬೇಡ. ಉಣ್ಣೆ ಟೋಪಿ ಹಾಕುವ ಮುಂಚೆ ಸ್ಯಾಟಿನ್ ಬಟ್ಟೆ ಸುತ್ತು. ಮಲಗುವಾಗ ಸ್ಯಾಟಿನ್ ಕುಲಾವಿ.

ಮೈಸೂರಿನಿಂದ:

ಚೀಟಿ ಸರಿಯಾಗಿದೆ. ಕಂಡೀಷನರ್ ಬಾಟಲಿ ಮೇಲೆ ಅದೇ ಹೆಸರಿರುವುದರಿಂದ ಅದು ಇರಲಿ. ಜಡೆ ತದ್ಭವವೇ. ಅದರ ಬಗ್ಗೆ ಬೇರೆ ಪತ್ರ ಬರೆಯುತ್ತೇನೆ.