ಹೊಸ ಬಡಾವಣೆಯಲ್ಲಿ ಎಲ್ಲಿ ತಿನ್ನುವುದು? ನಿಮ್ಮ ಅನುಭವ ಹೇಳಿ

ಕೇಳಿದವರು

ನಗರದ ನಡುಭಾಗದಿಂದ ಅಂಚಿನ ಸಣ್ಣ ಬಡಾವಣೆಯೊಂದಕ್ಕೆ ಮನೆ ಬದಲಿಸಿ ಆರು ವಾರವಾಯಿತು. ಹಳೆಯ ಮನೆಯ ಸುತ್ತ ಯಾವ ಬಾಗಿಲು ಹೊಕ್ಕರೂ ಒಂದು ತುತ್ತು ಒಳ್ಳೆಯ ಊಟ ಸಿಗುತ್ತಿತ್ತು. ಇಲ್ಲಿರುವುದು ಒಂದು ಮುಖ್ಯರಸ್ತೆ, ನಾಲ್ಕೈದು ಬೋರ್ಡು; ಉಳಿದದ್ದೆಲ್ಲ ಮನೆಗಳು. ಮೊಬೈಲಿನಲ್ಲಿ ಹುಡುಕಿದರೆ ಎಂಟು ಕಿಲೋಮೀಟರ್ ಆಚೆಯ ಹೋಟೆಲುಗಳನ್ನೇ ತೋರಿಸುತ್ತದೆ. ಎರಡು ಕಡೆ ತಿಂದು ನೋಡಿದೆ, ಎರಡೂ ಹಿಡಿಸಲಿಲ್ಲ. ಇಂಥ ಜಾಗದಲ್ಲಿ ನೀವು ಹೇಗೆ ಹುಡುಕಿಕೊಂಡಿರಿ? ಹೋಟೆಲಿನ ಹೆಸರು ಬೇಡ, ಹುಡುಕುವ ಬಗೆ ಹೇಳಿ.

ನಡೆದು ನೋಡಿದವರು

ಆ ಎರಡು ಕಡೆಗೆ ಯಾವ ಹೊತ್ತಿನಲ್ಲಿ ಹೋಗಿದ್ದಿರಿ? ನಾನು ಮಾಡಿದ ಮೊದಲ ತಪ್ಪೇ ಹೊತ್ತಿನದು. ವಾರದ ನಡುವಿನ ದಿನ, ಮಧ್ಯಾಹ್ನ ಎರಡೂವರೆಗೆ ಹೋಗಿ ಕುಳಿತು, ಅಲ್ಲಿ ಇದ್ದದ್ದನ್ನು ತಿಂದು, ಈ ಬಡಾವಣೆಗೆ ನಾಲಿಗೆಯೇ ಇಲ್ಲ ಎಂದು ತೀರ್ಪು ಕೊಟ್ಟು ಎದ್ದು ಬಂದಿದ್ದೆ. ಅಂಚಿನ ಬಡಾವಣೆಗಳಲ್ಲಿ ದುಡಿಯುವವರೆಲ್ಲ ಬೆಳಿಗ್ಗೆಯೇ ಹೊರಗೆ ಹೋಗಿರುತ್ತಾರೆ. ಮಧ್ಯಾಹ್ನಕ್ಕೆ ಗಿರಾಕಿ ಇಲ್ಲದಿದ್ದರೆ ಅಡುಗೆಯವರು ಹೊಸದಾಗಿ ಯಾಕೆ ಮಾಡುತ್ತಾರೆ? ಬೆಳಗಿನದ್ದೇ ಬಿಸಿಯಾಗಿ ಬರುತ್ತದೆ. ಅದೇ ಅಂಗಡಿಗೆ ಸಂಜೆ, ಬಸ್ಸುಗಳು ಜನರನ್ನು ಇಳಿಸುವ ಹೊತ್ತಿಗೆ ಹೋದಾಗ ಅದು ಬೇರೆಯೇ ಅಂಗಡಿ.

ಎರಡನೆಯದು, ವಾಹನ ಬಿಡಿ. ಹದಿನೈದು ನಿಮಿಷದಲ್ಲಿ ಸುಮಾರು ಒಂದೂಕಾಲು ಕಿಲೋಮೀಟರ್ ನಡೆಯಬಹುದು. ದಿನಕ್ಕೊಂದು ದಿಕ್ಕು ಎಂದು ಇಟ್ಟುಕೊಂಡರೆ ವಾರದೊಳಗೆ ನಿಮ್ಮ ಮನೆಯ ಸುತ್ತಲಿನ ಅಷ್ಟೂ ಜಾಗ ಕಾಲಡಿಗೆ ಬರುತ್ತದೆ. ನಾನು ಮೂರು ತಿಂಗಳು ಸ್ಕೂಟರಿನಲ್ಲಿ ದಾಟಿಹೋಗುತ್ತಿದ್ದ ಒಂದು ಅಡ್ಡರಸ್ತೆಯಲ್ಲಿ, ಮನೆಯೊಂದರ ಗ್ಯಾರೇಜಿನಲ್ಲೇ ಅಡುಗೆ ನಡೆಯುತ್ತಿತ್ತು. ಬೋರ್ಡಿಲ್ಲ, ನಕ್ಷೆಯಲ್ಲಿಲ್ಲ. ಒಗ್ಗರಣೆಯ ವಾಸನೆ ಸ್ಕೂಟರಿನ ವೇಗಕ್ಕೆ ಸಿಕ್ಕುವುದಿಲ್ಲ, ನಡೆಯುವವನ ಮೂಗಿಗಷ್ಟೇ ಸಿಕ್ಕುತ್ತದೆ. ಈಗ ನನ್ನ ವಾರದ ನಾಲ್ಕು ರಾತ್ರಿಯ ಊಟ ಅಲ್ಲಿಯೇ.

ಇನ್ನು ಕೇಳುವ ಬಗೆ. "ಇಲ್ಲಿ ಎಲ್ಲಿ ಚೆನ್ನಾಗಿದೆ?" ಎಂದು ಕೇಳಬೇಡಿ. ಹಾಗೆ ಕೇಳಿದರೆ ಜನ ಅತಿಥಿಗಳನ್ನು ಕರೆದೊಯ್ಯುವ ಜಾಗದ ಹೆಸರು ಹೇಳುತ್ತಾರೆ, ಅಂದರೆ ಚೆನ್ನಾಗಿರುವ ಕುರ್ಚಿಗಳ ಹೆಸರು. "ನೀವು ನಿನ್ನೆ ಎಲ್ಲಿ ತಿಂದಿರಿ?" ಎಂದು ಕೇಳಿ. ಉತ್ತರವೇ ಬದಲಾಗುತ್ತದೆ. ಕೇಳಬೇಕಾದದ್ದು ದಿನವಿಡೀ ಬೀದಿಯಲ್ಲೇ ಇದ್ದು, ಕೈಯಲ್ಲಿರುವ ದುಡ್ಡಿಗೆ ಹೊಟ್ಟೆ ತುಂಬಿಸಿಕೊಳ್ಳಬೇಕಾದವರನ್ನು: ಅಂಗಡಿಯ ಸಹಾಯಕರು, ಕಟ್ಟಡ ಕೆಲಸದವರು, ಕಾವಲುಗಾರರು, ಊಟ ತಲುಪಿಸುವ ಹುಡುಗರು. ಈ ಹುಡುಗರಿಗೆ ಇನ್ನೊಂದು ಗುಟ್ಟೂ ಗೊತ್ತಿರುತ್ತದೆ. ಮೊಬೈಲಿನಲ್ಲಿ ಮೂರು ಬೇರೆ ಬೇರೆ ಹೆಸರಿನಲ್ಲಿ ಕಾಣುವ ಹೋಟೆಲುಗಳು ಕೆಲವೊಮ್ಮೆ ಒಂದೇ ಅಡುಗೆಮನೆಯವು. ಕೂತು ತಿನ್ನುವ ಜಾಗವೇ ಅಲ್ಲಿರುವುದಿಲ್ಲ. ಮೂರು ಕಡೆ ತಿಂದು ನೋಡಿದೆ ಎಂದುಕೊಂಡು ಒಬ್ಬರ ಕೈ ಅಡುಗೆಯನ್ನೇ ಮೂರು ಸಲ ಬೈದಿರುತ್ತೀರಿ.

ರಾತ್ರಿ ಪಾಳಿಯವರು

ಒಂದೇ ಮಾತು: ಪಟ್ಟಿಯಲ್ಲಿ ನೂರು ಹೆಸರಿದ್ದು ಒಳಗೆ ಒಬ್ಬರೇ ಅಡುಗೆಯವರು ಕಂಡರೆ ಬೇರೇನೂ ಕೇಳದೆ, ಪಕ್ಕದ ಮೇಜಿನವರು ತಿನ್ನುತ್ತಿರುವುದನ್ನೇ ತರಿಸಿಕೊಳ್ಳಿ.

ಲೆಕ್ಕದವರು

ನಡೆಯುವುದನ್ನು ಒಪ್ಪುತ್ತೇನೆ, ಆದರೆ ಮೊಬೈಲಿನ ನಕ್ಷತ್ರಗಳನ್ನು ಪೂರ್ತಿ ತಳ್ಳಿಹಾಕಬೇಡಿ. ಓದಲು ಬರಬೇಕು, ಅಷ್ಟೆ. ಸಣ್ಣ ಬಡಾವಣೆಯ ಅಂಗಡಿಗೆ ಅಭಿಪ್ರಾಯ ಬರೆದವರೇ ಐದು ಜನ ಎಂದುಕೊಳ್ಳಿ, ಐವರೂ 5 ಕೊಟ್ಟಿದ್ದಾರೆ. ಆರನೆಯವನು ಸಿಟ್ಟಿನಿಂದ 1 ಕೊಟ್ಟರೆ ಸರಾಸರಿ ಒಮ್ಮೆಗೇ 4.3ಕ್ಕೆ ಬೀಳುತ್ತದೆ. ನಾನೂರು ಜನ ಬರೆದು 4.2 ಇರುವ ಕಡೆ ಅದೇ ಸಿಟ್ಟು ಕೂದಲಷ್ಟೂ ಅಲುಗಿಸುವುದಿಲ್ಲ. ಹಾಗಾಗಿ ಸಣ್ಣ ಅಂಗಡಿಯ ಅಂಕಿ ನೋಡದೆ ಬರಹ ಓದಿ. "ಬಡಿಸಲು ತಡ" ಎಂಬ ದೂರು ನನ್ನ ಮಟ್ಟಿಗೆ ಹೊಗಳಿಕೆ. "ರುಚಿ ಮೊದಲಿನಂತಿಲ್ಲ" ಎಂದು ಇತ್ತೀಚೆಗೆ ಮೂವರು ಬರೆದಿದ್ದರೆ ಅಡುಗೆಯವರು ಬದಲಾಗಿರಬಹುದು.

ಹೋಟೆಲುಗಳಿಗೆ ನಕ್ಷತ್ರ ಕೊಡುವುದರಲ್ಲಿ ಹೆಸರಾದ ಮಿಶೆಲಿನ್ ಮೂಲತಃ ಟೈರ್ ಕಂಪನಿ. 1900ರಲ್ಲಿ ಫ್ರಾನ್ಸಿನ ಮೋಟಾರು ಸವಾರರಿಗಾಗಿ ಕೈಪಿಡಿ ತಂದದ್ದು, ನಕ್ಷತ್ರ ಕೊಡಲು ಶುರುಮಾಡಿದ್ದು 1926ರಲ್ಲಿ. ಅವರ ಎರಡು ನಕ್ಷತ್ರಕ್ಕೆ ದಾರಿ ಬಿಟ್ಟು ಸುತ್ತಿಕೊಂಡಾದರೂ ಹೋಗಬಹುದು ಎಂಬ ಅರ್ಥ, ಮೂರಕ್ಕೆ ಅದಕ್ಕಾಗಿಯೇ ಪ್ರಯಾಣ ಮಾಡಬಹುದು ಎಂದು. ಟೈರ್ ಸವೆಯಲಿ ಎಂಬ ಆಸೆ ಇದ್ದವರ ಅಳತೆ ಅದು! ಮನೆಯ ಹತ್ತಿರದ ಅಂಗಡಿಗೆ ಆ ಅಳತೆ ಹಿಡಿದರೆ ಯಾವುದೂ ಪಾಸಾಗುವುದಿಲ್ಲ. ದಣಿದು ಬಂದ ದಿನ, ಮಳೆ ಹನಿಯುತ್ತಿರುವಾಗ, ಛತ್ರಿ ಹಿಡಿದು ಅಲ್ಲಿಗೆ ಹೋಗುತ್ತೇನೆಯೇ ಎಂದಷ್ಟೇ ನನ್ನನ್ನು ನಾನು ಕೇಳಿಕೊಳ್ಳುತ್ತೇನೆ.

ಹಿಂದೆ ಅಡುಗೆಮನೆಯಲ್ಲಿದ್ದವರು

ರುಚಿಯ ಮಾತೇ ಆಯಿತು, ಹೊಟ್ಟೆಯ ಮಾತನ್ನೂ ಆಡೋಣ. ಹೊಸ ಊರಿನ ಉತ್ಸಾಹದಲ್ಲಿ ನಾನೊಮ್ಮೆ ಸಂಜೆ ಐದಕ್ಕೆ, ಮಧ್ಯಾಹ್ನದಿಂದ ತೆರೆದಿಟ್ಟಿದ್ದ ಅನ್ನ ತಿಂದು ಎರಡು ದಿನ ಮಲಗಿದೆ. ಇಷ್ಟು ವರ್ಷ ಅಡುಗೆಮನೆಯಲ್ಲಿದ್ದವನಿಗೆ ಇದು ನಾಚಿಕೆಯ ವಿಷಯವೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ಸರಳ: 5 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿಯವರೆಗಿನ ಶಾಖದಲ್ಲಿ ರೋಗಾಣುಗಳು ಬೇಗ ಹೆಚ್ಚುತ್ತವೆ, ಬೇಯಿಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹಾಗೆಯೇ ಹೊರಗೆ ಬಿಡಬಾರದು. ಬಿಸಿ ಮಾಡಿಕೊಡುತ್ತೇವೆ ಎಂದರೂ ಅನ್ನದ ವಿಷಯದಲ್ಲಿ ನಂಬಬೇಡಿ. ಅದರಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಕುದಿಸಿದರೂ ನಾಶವಾಗುವುದಿಲ್ಲ.

ಎಣ್ಣೆಯನ್ನು ದೂರದಿಂದಲೇ ಓದಬಹುದು. ಕಪ್ಪಾಗಿ, ನೊರೆ ಎದ್ದು ಇಳಿಯದೆ, ಏನೂ ಹಾಕದಿರುವಾಗಲೇ ಹೊಗೆಯಾಡುತ್ತಿದ್ದರೆ ಅದು ಬಹಳ ಸಲ ಕಾದ ಎಣ್ಣೆ. ನೆಲ ಸ್ವಲ್ಪ ಹಳೆಯದಾಗಿದ್ದರೆ, ಗೋಡೆಯ ಬಣ್ಣ ಹೋಗಿದ್ದರೆ ಪರವಾಗಿಲ್ಲ. ಒರೆಸುವ ಬಟ್ಟೆಯನ್ನು ನೋಡಿ. ಅದೊಂದು ಸರಿಯಿದ್ದ ಕಡೆ ಉಳಿದದ್ದೂ ಸರಿಯಿರುವುದನ್ನು ಕಂಡಿದ್ದೇನೆ.

ಮನೆಗೆ ತರಿಸಿಕೊಂಡು ಅಂಗಡಿಯ ಬೆಲೆ ಕಟ್ಟಬೇಡಿ. ಕರಿದ ತಿಂಡಿ ಮುಚ್ಚಿದ ಡಬ್ಬಿಯಲ್ಲಿ ತನ್ನದೇ ಹಬೆಗೆ ಮೆತ್ತಗಾಗುತ್ತದೆ. ಅದು ಅಡುಗೆಯವರ ತಪ್ಪಲ್ಲ.

ಇಬ್ಬರು ಮಕ್ಕಳ ತಾಯಿ

ನನ್ನ ಕಿರಿಯ ಮಗನಿಗೆ ಕಡಲೆಕಾಯಿ ಆಗುವುದಿಲ್ಲ. ಆದ್ದರಿಂದ ನಮ್ಮ ಹುಡುಕಾಟವೇ ಬೇರೆ. "ಇದರಲ್ಲಿ ಕಡಲೆಕಾಯಿ ಇದೆಯೇ?" ಎಂದರೆ "ಇಲ್ಲ" ಎಂಬ ಉತ್ತರ ಸುಲಭವಾಗಿ ಬರುತ್ತದೆ. "ಇದನ್ನು ಹುರಿದ ಬಾಣಲೆಯಲ್ಲಿ ಬೇರೆ ಏನೇನು ಹುರಿಯುತ್ತೀರಿ?" ಎಂದು ಕೇಳಬೇಕು. ಬೇಯಿಸಿದ ಮಾತ್ರಕ್ಕೆ ಅದರ ಅಪಾಯ ಹೋಗುವುದಿಲ್ಲ, ಸೌಟಿಗೆ ಅಂಟಿದ ಚೂರೂ ಸಾಕು. ಗಿರಾಕಿಗಳು ಕಡಿಮೆ ಇರುವ ಹೊತ್ತಿನಲ್ಲಿ, ಅಡುಗೆ ಮಾಡುವವರನ್ನೇ ಕೇಳಿ. ಸಣ್ಣ ಅಂಗಡಿಯ ಅನುಕೂಲ ಇಲ್ಲಿದೆ: ಒಬ್ಬರು ಬಾಣಲೆಯನ್ನೇ ಬೇರೆ ಇಟ್ಟುಕೊಂಡಿದ್ದಾರೆ, ನಾವು ಬೀದಿಯ ತುದಿಯಲ್ಲಿ ಕಂಡ ತಕ್ಷಣ ಅದನ್ನು ತೊಳೆಯಲು ಹಾಕುತ್ತಾರೆ.

ಕೇಳಿದವರು, ಹನ್ನೆರಡು ದಿನಗಳ ನಂತರ

ಎಲ್ಲರಿಗೂ ಧನ್ಯವಾದ. ಮೂರು ದಿಕ್ಕು ಮುಗಿಯಿತು, ಪೂರ್ವ ಬಾಕಿ ಇದೆ. ಔಷಧದಂಗಡಿಯ ಹುಡುಗನನ್ನು "ನಿನ್ನೆ ಎಲ್ಲಿ ತಿಂದಿರಿ?" ಎಂದು ಕೇಳಿದೆ. ಅವನು ಮೊದಲು ನಕ್ಕ, ಆಮೇಲೆ ಕೈ ತೋರಿಸಿದ್ದು ನಾನು ಬೇಡವೆಂದು ಬಿಟ್ಟಿದ್ದ ಎರಡರಲ್ಲಿ ಒಂದನ್ನೇ. ಸಂಜೆ ಏಳಕ್ಕೆ ಹೋದೆ. ನಿಂತುಕೊಂಡೇ ತಿನ್ನಬೇಕಾಯಿತು, ಅಷ್ಟು ಜನ. ಇನ್ನೊಂದು ಅಂಗಡಿಗೂ ಸಂಜೆಯೇ ಹೋಗಿ ನೋಡಿದೆ. ಅದು ಎಲ್ಲ ಹೊತ್ತಿನಲ್ಲೂ ಕೆಟ್ಟದ್ದೇ.