ಪದಚರ್ಚೆ (ತುರ್ತು): ಎಸ್‌ಬಿಐಆರ್ ಹಣ ಪ್ರಶಸ್ತಿಯೋ, ಅನುದಾನವೋ, ಸಹಾಯಧನವೋ?

ವಿ.ಜಿ., ಅಟ್ಲಾಂಟಾ:

ಬಳಗದ ಹಿರಿಯರಿಗೆ ನಮಸ್ಕಾರ. ನಮ್ಮ ಕನ್ನಡ ಕೂಟದ ಯುಗಾದಿ ಸಂಚಿಕೆ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ. ಟೆನೆಸಿಯಲ್ಲಿ ಪುಟ್ಟ ಕಂಪನಿ ನಡೆಸುತ್ತಿರುವ ಕನ್ನಡಿಗರೊಬ್ಬರ ಪರಿಚಯ ಲೇಖನ ಅದರಲ್ಲಿದೆ. ನ್ಯೂಟ್ರಾನ್‌ಗಳನ್ನು ಪತ್ತೆ ಮಾಡುವ, ಅಂಗೈಯಲ್ಲಿ ಹಿಡಿಯಬಹುದಾದ ಉಪಕರಣವೊಂದನ್ನು ಅವರು ರೂಪಿಸುತ್ತಿದ್ದಾರೆ. ಅದಕ್ಕೆ ಸಣ್ಣ ಕಂಪನಿಗಳ ಹೊಸ ಸಂಶೋಧನೆಗೆ ಹಣ ಕೊಡುವ, ಅಮೆರಿಕದ ಕೇಂದ್ರ ಸರ್ಕಾರದ ಎಸ್‌ಬಿಐಆರ್ ಯೋಜನೆಯಿಂದ ಮೊದಲ ಹಂತದ ಹಣ ಸಿಕ್ಕಿದೆ. ಲೇಖಕರು ಯಂತ್ರಾನುವಾದದ ಮೊರೆ ಹೊಕ್ಕಂತೆ ಕಾಣುತ್ತದೆ. ವಾಕ್ಯ ಹೀಗಿದೆ: "ಇವರು ಶಕ್ತಿ ಇಲಾಖೆಯ ಸಣ್ಣ ವ್ಯಾಪಾರ ನಾವೀನ್ಯತೆ ಸಂಶೋಧನಾ ಪ್ರಶಸ್ತಿಯನ್ನು ಗೆದ್ದಿದ್ದಾರೆ." ಕಿರಾಣಿ ಅಂಗಡಿಯವರಿಗೆ ಶಾಲು ಹೊದಿಸಿ ಸನ್ಮಾನ ಮಾಡಿದ ಹಾಗಿದೆ! ಈ ಹಣಕ್ಕೆ, ಯೋಜನೆಯ ಹೆಸರಿಗೆ, ನ್ಯೂಕ್ಲಿಯರ್‌ಗೆ ಸರಿಯಾದ ಪದ ಬೇಕು. ರಾತ್ರಿಯೊಳಗೆ ತಿಳಿಸಿದರೆ ಉಪಕಾರ.

ಶ್ರೀ., ಮೈಸೂರು:

ನಾವೀನ್ಯತೆ ತಪ್ಪು. ಭಾವನಾಮ ಮಾಡುವ ಸಂಸ್ಕೃತ ಪ್ರತ್ಯಯ ಷ್ಯಞ್ (ಯ) ಬಂದ ಮೇಲೆ ಅದೇ ಕೆಲಸದ ತಲ್ (ತೆ) ಏತಕ್ಕೆ? ನಾವೀನ್ಯ ಅಥವಾ ನವೀನತೆ. ಐಕ್ಯತೆ ಬರೆಯುವವರ ಸಾಲಿಗೆ ಸೇರಬೇಡಿ.

ಬಿ.ಎಂ., ಬೆಂಗಳೂರು:

ಅವರ ಪ್ರಶ್ನೆ ತದ್ಧಿತ ಪ್ರತ್ಯಯದ್ದಲ್ಲ, ಹಣದ್ದು. ಹಣದ ಸ್ವಭಾವ ತಿಳಿದರೆ ಪದ ತಾನಾಗಿ ಸಿಗುತ್ತದೆ.

ಈ ಯೋಜನೆಗೆ ಬುಡ 1982ರ ಕಾನೂನು. ರೇಗನ್ ಸಹಿ ಹಾಕಿದ್ದು. ಹೊರಗಿನವರಿಂದ ಮಾಡಿಸುವ ಸಂಶೋಧನೆಗೆ ವರ್ಷಕ್ಕೆ 10 ಕೋಟಿ ಡಾಲರ್‌ಗಿಂತ ಹೆಚ್ಚು ವೆಚ್ಚ ಮಾಡುವ ಕೇಂದ್ರ ಇಲಾಖೆಗಳು ಅದರಲ್ಲಿ ಕನಿಷ್ಠ ಶೇ 3.2ರಷ್ಟನ್ನು ಸಣ್ಣ ಕಂಪನಿಗಳಿಗೆ ಮೀಸಲಿಡಬೇಕು. ಸಣ್ಣದು ಎಂದರೆ ಅಲ್ಲಿ 500 ಉದ್ಯೋಗಿಗಳವರೆಗೆ! ನಮ್ಮಲ್ಲಿ ಹೂಡಿಕೆ, ವಹಿವಾಟು ನೋಡಿ ಸಣ್ಣದು ದೊಡ್ಡದು ಎನ್ನುತ್ತೇವೆ, ಅಲ್ಲಿ ತಲೆ ಎಣಿಸುತ್ತಾರೆ. ಏನೇ ಇರಲಿ, "ಸಣ್ಣ ವ್ಯಾಪಾರ" ಬೇಡ, "ಸಣ್ಣ ಉದ್ಯಮ" ಬರೆಯಿರಿ.

ಮೊದಲ ಹಂತದಲ್ಲಿ ಸುಮಾರು 2 ಲಕ್ಷ ಡಾಲರ್ ಕೊಟ್ಟು, ಈ ಕಲ್ಪನೆ ಕೆಲಸ ಮಾಡುತ್ತದೆಯೇ ತೋರಿಸಿ ಎನ್ನುತ್ತಾರೆ. ತೋರಿಸಿದವರು ಎರಡನೆಯ ಹಂತಕ್ಕೆ ಅರ್ಜಿ ಹಾಕಬಹುದು. ಅಲ್ಲಿ ಮೊತ್ತ 10 ಲಕ್ಷ ಡಾಲರ್ ದಾಟುತ್ತದೆ, ಮಾದರಿ ಉಪಕರಣ ಕಟ್ಟಬೇಕು. ಮೂರನೆಯ ಹಂತ ಮಾರುಕಟ್ಟೆ. ಅದಕ್ಕೆ ಈ ಯೋಜನೆಯಿಂದ ಕಾಸಿಲ್ಲ.

ಈ ಹಣವನ್ನು ತೀರಿಸಬೇಕಾಗಿಲ್ಲ, ಆದ್ದರಿಂದ ಸಾಲವಲ್ಲ. ಸರ್ಕಾರ ಕಂಪನಿಯಲ್ಲಿ ಪಾಲು ಕೇಳುವುದಿಲ್ಲ, ಆದ್ದರಿಂದ ಹೂಡಿಕೆಯಲ್ಲ. ಸಹಾಯಧನ ಎಂದರೆ ಹನಿ ನೀರಾವರಿ ಪೈಪು ಕೊಳ್ಳುವ ರೈತನ ಬೆಲೆಯಲ್ಲಿ ಸರ್ಕಾರ ಒಂದು ಪಾಲು ತುಂಬುವುದು. ಇಲ್ಲಿ ಯಾರೂ ಏನನ್ನೂ ಕೊಳ್ಳುತ್ತಿಲ್ಲ. ಪ್ರಶಸ್ತಿಯನ್ನು ಆಗಿಹೋದ ಕೆಲಸಕ್ಕೆ ಕೊಡುತ್ತಾರೆ, ಇದು ಮುಂದೆ ಆಗಬೇಕಾದ ಕೆಲಸಕ್ಕೆ. ಇದೇ ಯೋಜನೆಯಲ್ಲಿ ರಕ್ಷಣಾ ಇಲಾಖೆಯೂ ನಾಸಾ ಸಂಸ್ಥೆಯೂ ಸಾಮಾನ್ಯವಾಗಿ ಗುತ್ತಿಗೆ ಬರೆದುಕೊಳ್ಳುತ್ತವೆ. ನಿಮ್ಮವರಿಗೆ ಹಣ ಕೊಟ್ಟ ಇಲಾಖೆ ಕೊಡುವುದು ಅನುದಾನ. ಶಾಸಕರ ಅನುದಾನ, ಅನುದಾನಿತ ಶಾಲೆ ಎಂದು ಜನರ ಬಾಯಲ್ಲಿ ಪಳಗಿದ ಪದ. "ಗೆದ್ದರು" ಕೂಡ ಬೇಡ, "ಮಂಜೂರಾಗಿದೆ" ಸಾಕು.

ಇಲಾಖೆಯ ಹೆಸರು "ಇಂಧನ ಇಲಾಖೆ". ಕರ್ನಾಟಕ ಸರ್ಕಾರದ ಇಲಾಖೆಗೂ ಅದೇ ಹೆಸರಿದೆ. 2023ರಿಂದೀಚೆಗೆ ನಮ್ಮ ರಾಜ್ಯದಲ್ಲಿ "ಶಕ್ತಿ" ಎಂದರೆ ಮಹಿಳೆಯರ ಉಚಿತ ಬಸ್ ಪ್ರಯಾಣ. ಶಕ್ತಿ ಇಲಾಖೆ ಎಂದು ಅಚ್ಚಾದರೆ ಊರಿನಲ್ಲಿ ಓದುವವರು ಟಿಕೆಟ್ ಎಲ್ಲಿ ಎಂದು ಕೇಳಿಯಾರು.

ಶ್ರೀ., ಮೈಸೂರು:

ಇಂಧ್ ಧಾತು, ಉರಿಯುವುದೆಂದು ಅರ್ಥ. ಇಂಧನ ಎಂದರೆ ಸೌದೆ. ಯುರೇನಿಯಂ ಉರಿಯುವ ವಸ್ತುವೇ? ಆ ಇಲಾಖೆ ಅಪಘಾತ ತಾಳಿಕೊಳ್ಳುವ ಅಣು ಇಂಧನದ ಸಂಶೋಧನೆಗೂ ಹಣ ಕೊಡುತ್ತದೆ. ಆಗ "ಇಂಧನ ಇಲಾಖೆಯ ಇಂಧನ ಸಂಶೋಧನೆ" ಎಂದು ಬರೆಯುತ್ತೀರೋ? ಶಕ್ತಿ ಇಲಾಖೆ ಎಂಬುದೇ ಸರಿ. ಬಸ್ಸಿನ ಹಾಸ್ಯ ಅನವಶ್ಯಕ.

ರಾ., ಧಾರವಾಡ:

ಅನುದಾನ ಎಂಬುದು ಸಚಿವಾಲಯದ ಕಡತದಿಂದ ಎದ್ದು ಬಂದ ಪದ. ಕನ್ನಡಕ್ಕೆ ಇದಕ್ಕಿಂತ ಹಳೆಯ, ಹೆಚ್ಚು ನಿಖರವಾದ ಪದವಿದೆ: ಕಟ್ಟುಕೊಡಗೆ. ಶಾಸನಗಳನ್ನು ನೋಡಿ. ಕೆರೆ ಕಟ್ಟಿಸಿದವನಿಗೆ, ಹೂಳೆತ್ತಿಸಿ ಕಾಪಾಡುವವನಿಗೆ ಬಿಟ್ಟುಕೊಟ್ಟ ಭೂಮಿ. ಬರಿಯ ದಾನವಲ್ಲ, ಊರಿಗೆ ಉಪಯೋಗವಾಗುವ ಕೆಲಸಕ್ಕೆ ಕಟ್ಟಿದ ಕೊಡುಗೆ. ವಾಷಿಂಗ್ಟನ್ನಿನವರು 1982ರಲ್ಲಿ ಕಂಡುಕೊಂಡದ್ದನ್ನು ನಮ್ಮ ಊರಗೌಡರು ಶತಮಾನಗಳ ಹಿಂದೆಯೇ ನಡೆಸುತ್ತಿದ್ದರು. "ಸಂಶೋಧನಾ ಕಟ್ಟುಕೊಡಗೆ" ಎಂದು ಧೈರ್ಯವಾಗಿ ಅಚ್ಚು ಹಾಕಿಸಿ.

ಬಿ.ಎಂ., ಬೆಂಗಳೂರು:

ಮಡಿಕೇರಿಯಲ್ಲಿ ಕೊಟ್ಟರೇ ಎಂದು ಕೇಳುತ್ತಾರೆ.

ನಾ., ಕಾರವಾರ:

ನ್ಯೂಕ್ಲಿಯರ್ ಬಗ್ಗೆ ಯಾರೂ ಮಾತಾಡಿಲ್ಲ, ನಾನು ಹೇಳುತ್ತೇನೆ. ರಿಯಾಕ್ಟರ್ ಉಪಕರಣಗಳ ನಡುವೆಯೇ ನನ್ನ ನೌಕರಿ ಕಳೆಯಿತು.

ಪಠ್ಯಪುಸ್ತಕದಲ್ಲಿ ಅಣು ಬೇರೆ, ಪರಮಾಣು ಬೇರೆ. ನೀರಿನದು ಅಣು, ಆಮ್ಲಜನಕದ್ದು ಪರಮಾಣು. ಪತ್ರಿಕೆಗಳು ಮಾತ್ರ ಕೈಗಾ ಚಳವಳಿಯ ಕಾಲದಿಂದಲೂ ಅಣುಸ್ಥಾವರ ಎಂದೇ ಬರೆದಿವೆ, ಜನ ಒಪ್ಪಿದ್ದಾರೆ. ಸ್ಥಾವರ, ವಿದ್ಯುತ್, ಬಾಂಬುಗಳಿಗೆ ಅಣು ಇರಲಿ. ಆದರೆ ನಿಮ್ಮ ಲೇಖನದ ವಿಷಯ ನ್ಯೂಟ್ರಾನ್. ಅದಕ್ಕೆ ವಿದ್ಯುದಾವೇಶವಿಲ್ಲ, ನೇರವಾಗಿ ಸಿಕ್ಕಿಬೀಳುವುದಿಲ್ಲ. ಹೀಲಿಯಂ-3 ಎಂಬ ಅಪರೂಪದ ಬಗೆಯ ಹೀಲಿಯಂ ಅನಿಲ ತುಂಬಿದ ಕೊಳವೆಯೊಳಗೆ ಹೊಕ್ಕು ಅಲ್ಲಿನ ನ್ಯೂಕ್ಲಿಯಸ್ಸನ್ನು ಒಡೆದಾಗ ಆವೇಶವುಳ್ಳ ಎರಡು ಚೂರುಗಳು ಹಾರುತ್ತವೆ. ನಾವು ಎಣಿಸುವುದು ಆ ಚೂರುಗಳು ಎಬ್ಬಿಸಿದ ಮಿಡಿತವನ್ನು. ಈ ಹೀಲಿಯಂ-3 ಸಿಗುವುದು ಅಣ್ವಸ್ತ್ರಗಳಿಗಾಗಿ ಕೂಡಿಟ್ಟ ಟ್ರಿಟಿಯಂ (ವಿಕಿರಣಶೀಲ ಹೈಡ್ರೋಜನ್) ಕ್ಷಯಿಸಿದಾಗ. 2001ರ ದಾಳಿಯ ನಂತರ ಬಂದರು, ಗಡಿಗಳಲ್ಲೆಲ್ಲ ಪತ್ತೆಯಂತ್ರ ನಿಲ್ಲಿಸಿದರು, ದಾಸ್ತಾನು ಕರಗಿತು. ಅಂದಿನಿಂದ ಬೋರಾನ್, ಲಿಥಿಯಂ ಬಳಸುವ ಬದಲಿ ಉಪಕರಣಗಳ ಹುಡುಕಾಟ. ಸಣ್ಣ ಕಂಪನಿಗಳಿಗೆ ಇಲ್ಲಿ ಜಾಗ ಸಿಕ್ಕಿದ್ದು ಹಾಗೆ. ಲೇಖನದಲ್ಲಿ ಇದನ್ನು ನಾಲ್ಕು ಸಾಲು ಹಾಕಿ, ಪ್ರಶಸ್ತಿಯ ಸುದ್ದಿಗಿಂತ ಓದುವವರಿಗೆ ಲಾಭ.

ನ್ಯೂಟ್ರಾನನ್ನು ಹಾಗೆಯೇ ಬರೆದವರು ನ್ಯೂಕ್ಲಿಯರ್ ಕಂಡು ಏಕೆ ಬೆಚ್ಚುತ್ತೀರಿ? ಹಾಗೆಯೇ ಬಿಡಿ.

ಶ್ರೀ., ಮೈಸೂರು:

ಬೈಜಿಕ ಎಂಬ ಪದ ಇರುವಾಗ ಎರವಲು ಏಕೆ?

ನಾ., ಕಾರವಾರ:

ಸಂಸ್ಕೃತದಲ್ಲಿ ಬೈಜಿಕ ಎಂದರೆ ವೀರ್ಯಕ್ಕೆ ಸಂಬಂಧಿಸಿದ್ದು ಎಂದೂ ಅರ್ಥವಿದೆ. ಯುಗಾದಿ ಸಂಚಿಕೆ, ಮಕ್ಕಳೂ ಓದುತ್ತಾರೆ.

ಚಿ., ಶಿವಮೊಗ್ಗ:

ಎಲ್ಲರೂ ಸಂಸ್ಕೃತದ ಪೆಟ್ಟಿಗೆಯನ್ನೇ ತಡಕುತ್ತಿದ್ದೀರಿ. ಸಂಶೋಧನೆಗೆ ಅರಕೆ, ತಂತ್ರಜ್ಞಾನಕ್ಕೆ ಚಳಕ, ಅನುದಾನಕ್ಕೆ ನೆರವು. "ಹೊಸ ಚಳಕದ ಅರಕೆನೆರವು." ಹಳ್ಳಿಯ ಹುಡುಗನೂ ಓದಬಲ್ಲ.

ಶ್ರೀ., ಮೈಸೂರು:

ಓದಬಲ್ಲ. ಹರಕೆ ಎಂದು ಓದಿ ಹುಂಡಿಗೆ ಹಾಕುತ್ತಾನೆ.

ಚಿ., ಶಿವಮೊಗ್ಗ:

ಅಣಕಿಸುವುದು ಸುಲಭ. ಅರ್ಜಿ, ಇಲಾಖೆ, ಮಂಜೂರು, ಮೂರೂ ಅರಬ್ಬಿ ಮೂಲದವು. ಅವನ್ನು ಯಾರೂ ಪ್ರಶ್ನಿಸಲಿಲ್ಲ. ಇಂಗ್ಲಿಷಿನ ನ್ಯೂಕ್ಲಿಯರ್‌ಗೂ ಬಾಗಿಲು ತೆರೆದಿರಿ. ಕನ್ನಡದ ಬೇರಿನಿಂದ ಒಂದು ಪದ ಬಂದರೆ ಮಾತ್ರ ವ್ಯಾಕರಣ, ಹಾಸ್ಯ, ಹುಂಡಿ ಎಲ್ಲ ನೆನಪಾಗುತ್ತವೆ.

ಬಿ.ಎಂ., ಬೆಂಗಳೂರು:

ಮಾತು ಒರಟಾದರೂ ಆಕ್ಷೇಪ ನ್ಯಾಯವಾದದ್ದು. ಆದರೆ ಮಂಜೂರು ಯಾವ ಸಮಿತಿಯನ್ನೂ ಕೇಳಿಕೊಂಡು ಬಂದದ್ದಲ್ಲ. ಅಮಲ್ದಾರರ ಕಚೇರಿಯ ಮುಂದೆ ನಿಂತ ರೈತರು ತಾವೇ ಮನೆಗೆ ತಂದದ್ದು. ಅರಕೆಗೆ ಆ ಯೋಗ ಬರಬಹುದು. ನಾಳೆ ಬೆಳಿಗ್ಗೆ ಅಚ್ಚಾಗುವ ಪುಟದಲ್ಲಿ ಅದರ ಪರೀಕ್ಷೆ ಬೇಡ.

ವಿ.ಜಿ., ಅಟ್ಲಾಂಟಾ:

ಎಲ್ಲರಿಗೂ ಕೃತಜ್ಞತೆಗಳು. ಹೀಗೆ ಕಳುಹಿಸಿದ್ದೇನೆ: "ಸಣ್ಣ ಉದ್ಯಮಗಳ ಹೊಸ ಸಂಶೋಧನೆಗೆ ಅಮೆರಿಕದ ಇಂಧನ ಇಲಾಖೆ ನೀಡುವ ಎಸ್‌ಬಿಐಆರ್ ಅನುದಾನ ಇವರ ನ್ಯೂಕ್ಲಿಯರ್ ಉಪಕರಣಕ್ಕೆ ಮಂಜೂರಾಗಿದೆ." ನಾವೀನ್ಯವೂ ಇಲ್ಲ, ನಾವೀನ್ಯತೆಯೂ ಇಲ್ಲ. ಹೀಲಿಯಂ-3 ವಿಷಯ ಸೇರಿಸಿದೆ. ಅವರ ಮುಂದಿನ ಅರ್ಜಿ ಎಸ್‌ಟಿಟಿಆರ್‌ಗಂತೆ, ಸಣ್ಣ ಕಂಪನಿ ಸಂಶೋಧನಾ ಸಂಸ್ಥೆಯೊಂದರ ಜೊತೆಗೂಡಿ ಮಾಡುವ ಕೆಲಸಕ್ಕೆ ಹಣ ಕೊಡುವ ಸೋದರ ಯೋಜನೆ: 1992ರ ಕಾನೂನು, ಕೆಲಸದಲ್ಲಿ ಕಂಪನಿಯದು ಕನಿಷ್ಠ ಶೇ 40, ವಿಶ್ವವಿದ್ಯಾಲಯ ಅಥವಾ ಪ್ರಯೋಗಾಲಯದ್ದು ಕನಿಷ್ಠ ಶೇ 30. ಅದರ ಹೆಸರಿನಲ್ಲಿ "ತಂತ್ರಜ್ಞಾನ ವರ್ಗಾವಣೆ" ಇದೆ. ಅದೂ ಸರಿಯೇ ತಾನೇ?

ರಾ., ಧಾರವಾಡ:

ವರ್ಗಾವಣೆ ಎಂದರೆ ನೌಕರರನ್ನು ಎತ್ತಂಗಡಿ ಮಾಡುವುದು. ಅದಿರಲಿ, ಕಟ್ಟುಕೊಡಗೆಯ ಬಗ್ಗೆ ಇನ್ನೂ ಯಾರೂ ಗಂಭೀರವಾಗಿ ಉತ್ತರಿಸಿಲ್ಲ.

ಶ್ರೀ., ಮೈಸೂರು:

ಬೇರೆ ಶೀರ್ಷಿಕೆಯಲ್ಲಿ ಬರೆಯಿರಿ. ಕೊಡಗೆಯೋ ಕೊಡಗಿಯೋ ಎಂಬುದರಿಂದಲೇ ಆರಂಭಿಸೋಣ.