ಮನೆ ಸ್ವಿಮ್ಮಿಂಗ್ ಪೂಲ್‌ಗೆ ಬೇಲಿ ಬೇಕೇ ಬೇಕಾ? ಎರಡೂವರೆ ವರ್ಷದ ಮಗಳಿದ್ದಾಳೆ

ನಿದ್ದೆಗೆಟ್ಟ ಅಪ್ಪ:
ಹೊಸದಾಗಿ ಬಂದಿರೋ ಮನೇಲಿ ಹಿಂದುಗಡೆ ಪೂಲ್ ಇದೆ, ಊಟದ ಹಾಲ್‌ನ ಗಾಜಿನ ಬಾಗಿಲು ಸರಿಸಿದ್ರೆ ಎದುರಿಗೆ ನೀರೇ. ನನಗೆ ರಾತ್ರಿ ನಿದ್ದೆ ಇಲ್ಲ. ಮಾವ ಮಾತ್ರ "ಮನೆ ತುಂಬ ಜನ ಇದೀವಿ, ಬಿದ್ರೆ ಕೂಗ್ಕೊಳ್ಳಲ್ವಾ" ಅಂತಾರೆ. ಮೂರು ಕಡೆ ಬೇಲಿ ಹಾಕ್ಸಿ, ನಾಲ್ಕನೇ ಕಡೆ ಹೇಗೂ ಮನೆ ಗೋಡೆ ಇದ್ಯಲ್ಲ ಅಂತ ಬಿಟ್ರೆ ನಡೆಯುತ್ತಾ? ತೋಳಿಗೆ ಹಾಕೋ ಗಾಳಿ ಬ್ಯಾಂಡ್ ಇದ್ರೆ ಸಾಕಾ?

ಇಬ್ಬರ ಅಮ್ಮ:
ಮುಳುಗೋ ಮಗು ಕೂಗಲ್ಲ ಸರ್, ಮಾವನೋರಿಗೆ ಮೊದಲು ಇದನ್ನ ಹೇಳಿ. ಉಸಿರಾಡೋಕೇ ಆಗ್ತಿರಲ್ಲ, ಇನ್ನು ಕೂಗೋದೆಲ್ಲಿ ಬಂತು. ನಮ್ಮನೇಲಿ ಆರು ಜನ ದೊಡ್ಡೋರಿದ್ವಿ, ಆಟ ಮುಗೀತು, ಎಲ್ಲಾ ಒಳಗೆ ಬಂದು ಊಟಕ್ಕೆ ಕೂತ್ವಿ, ಮಗ ಅವರ ಹತ್ರ ಇದಾನೆ ಅಂತ ನಾನು, ನನ್ನ ಹತ್ರ ಇದಾನೆ ಅಂತ ಅವರು, ಅವನು ನೋಡಿದ್ರೆ ನೀರಲ್ಲಿ ತೇಲ್ತಿದ್ದ ಬಾಲ್ ತರೋಕೆ ವಾಪಸ್ ಹೋಗಿದ್ದ. ನನ್ನ ತಮ್ಮ ಕೈ ತೊಳೆಯೋಕೆ ಎದ್ದಿದ್ದಕ್ಕೆ ಕಣ್ಣಿಗೆ ಬಿದ್ದ. ಎರಡು ರಾತ್ರಿ ಆಸ್ಪತ್ರೆ, ಈಗ ಆರಾಮಾಗಿದಾನೆ. ಅವತ್ತಿಂದ ಆಟ ಮುಗಿದ ಮೇಲೆ ಒಂದು ಆಟಿಕೆನೂ ನೀರಲ್ಲಿ ಬಿಡಲ್ಲ.

ಗೋಡೆ ಅಂತೀರಿ, ಆ ಗೋಡೆಗೇ ಬಾಗಿಲಿದ್ಯಲ್ಲ! ನಾಲ್ಕೂ ಕಡೆ ಹಾಕ್ಸಿ, ಕನಿಷ್ಠ 4 ಅಡಿ ಎತ್ತರ, ಕಂಬಿ ಮಧ್ಯೆ 10 ಸೆಂಟಿಮೀಟರ್‌ಗಿಂತ ಕಮ್ಮಿ ಸಂದು, ಗೇಟು ತಾನಾಗೇ ಮುಚ್ಕೊಂಡು ಚಿಲಕ ಬೀಳಬೇಕು. ಪಕ್ಕ ಕುರ್ಚಿ, ಕುಂಡ ಇಡ್ಬೇಡಿ, ಹತ್ತಿಬಿಡ್ತಾರೆ. ತೋಳಿನ ಬ್ಯಾಂಡ್ ಆಟದ ಸಾಮಾನು ಅಷ್ಟೇ.

ಹಳೇ ಈಜುಗಾರ:
ಈಜು ಕಲಿಸಿಬಿಡಿ ಸಾಕು. ನಾವೇನು ಬೇಲಿ ನೋಡ್ಕೊಂಡು ಬೆಳೆದ್ವಾ?

ಇಬ್ಬರ ಅಮ್ಮ:
ಕಲಿಸಲಿ, ಒಳ್ಳೇದೇ. ಆದ್ರೆ ಟೀಚರ್ ಕೈ ಹಿಡ್ಕೊಂಡಿರುವಾಗ ಈಜೋದೇ ಬೇರೆ, ಬಟ್ಟೆ ಸಮೇತ ದಡಕ್ಕಂತ ಬೀಳೋದೇ ಬೇರೆ.

ಪಂಪ್ ರೂಮ್:
ಪೂಲ್ ಮೇಂಟೆನೆನ್ಸ್ ಕೆಲಸ ನನ್ದು. ತಳದಲ್ಲಿರೋ ಡ್ರೈನ್, ಅಂದ್ರೆ ಪಂಪು ನೀರು ಎಳ್ಕೊಳ್ಳೋ ತೂತು, ಅದರ ಬಗ್ಗೆ ಯಾರೂ ಕೇಳೋದೇ ಇಲ್ಲ. ಮುಚ್ಚಳ ಒಡೆದಿದ್ರೆ, ಇಲ್ಲಾ ಹಳೇ ಕಾಲದ ಚಪ್ಪಟೆ ಮುಚ್ಚಳ ಇದ್ದು ಪಂಪಿಗೆ ಅದೊಂದೇ ಡ್ರೈನ್ ಆಗಿದ್ರೆ, ಕೂದಲು, ಕೈ, ಬೆನ್ನು ಹೀರ್ಕೊಂಡು ಹಿಡ್ಕೊಂಡ್ಬಿಡುತ್ತೆ, ದೊಡ್ಡೋರು ಎಳೆದ್ರೂ ಬರಲ್ಲ. ಅಮೆರಿಕದಲ್ಲಿ 2002ರಲ್ಲಿ 7 ವರ್ಷದ ಹುಡುಗಿ ಬಿಸಿನೀರಿನ ಟಬ್ಬಲ್ಲಿ ಹೀಗೇ ಸಿಕ್ಕಿಹಾಕ್ಕೊಂಡು ಸತ್ತು, 2007ರಲ್ಲಿ ಅವಳ ಹೆಸರಲ್ಲೇ ಡ್ರೈನ್ ಮುಚ್ಚಳಕ್ಕೆ ಕಾನೂನು ಬಂತು, ವರ್ಜೀನಿಯಾ ಗ್ರೇಮ್ ಬೇಕರ್ ಕಾಯ್ದೆ ಅಂತ. ಯಾರಾದ್ರೂ ಸಿಕ್ಕಿಕೊಂಡ್ರೆ ಮೊದಲು ಪಂಪ್ ಆಫ್ ಮಾಡ್ಬೇಕು, ಆ ಸ್ವಿಚ್ ಎಲ್ಲಿದೆ ಅಂತ ಮನೆಯೋರಿಗೆಲ್ಲಾ ಗೊತ್ತಿರ್ಲಿ. ಆಮೇಲೆ ಕ್ಲೋರಿನ್ ಮತ್ತೆ ಆಸಿಡ್ ಒಂದೇ ಬಕೆಟ್ಟಿಗೆ ಹಾಕ್ಲೇಬೇಡಿ, ವಿಷದ ಗ್ಯಾಸ್ ಏಳುತ್ತೆ.

ನೈಟ್ ಡ್ಯೂಟಿ ನರ್ಸ್:
ಮಗು ಕಾಣ್ತಿಲ್ಲ ಅಂದ ತಕ್ಷಣ ಮಂಚದ ಕೆಳಗೆ ಹುಡುಕ್ಬೇಡಿ, ಮೊದಲು ನೀರು ನೋಡಿ. ಆಕ್ಸಿಜನ್ ಇಲ್ದೆ ನಾಲ್ಕೈದು ನಿಮಿಷ ಆದ್ರೆ ಮೆದುಳಿಗೆ ಪೆಟ್ಟು. ತೆಗೆದ ಮೇಲೆ ತಲೆಕೆಳಗೆ ಹಿಡಿಯೋದು, ಹೊಟ್ಟೆ ಒತ್ತಿ ನೀರು ತೆಗೆಯೋದು ಬೇಡವೇ ಬೇಡ, ಅದರಲ್ಲೇ ಟೈಮ್ ಹೋಗುತ್ತೆ. ಉಸಿರಿಲ್ಲ ಅಂದ್ರೆ ಮೊದಲು ಬಾಯಿಂದ ಉಸಿರು ಕೊಡಿ, ಆಮೇಲೆ 30 ಸಲ ಎದೆ ಒತ್ತಿ 2 ಸಲ ಉಸಿರು, ಸಹಾಯ ಬರೋ ತನಕ ನಿಲ್ಲಿಸ್ಬೇಡಿ. ಎಚ್ಚರ ಆಗಿ ಅತ್ತರೂ ಆಸ್ಪತ್ರೆಗೆ ತೋರಿಸಿ, ಕೆಲವು ಗಂಟೆ ಬಿಟ್ಟು ಉಸಿರಾಟ ಕೆಡಬಹುದು. ಹೀಗೆ ಎದೆ ಒತ್ತಿ ಉಸಿರು ಕೊಡೋದಕ್ಕೇ ಸಿಪಿಆರ್ ಅನ್ನೋದು, ಮನೇಲಿ ಒಬ್ಬರಾದ್ರೂ ಕಲೀರಿ, ಓದಿ ಬರಲ್ಲ ಅದು.

ನಿದ್ದೆಗೆಟ್ಟ ಅಪ್ಪ:
ಎಲ್ರಿಗೂ ಥ್ಯಾಂಕ್ಸ್. ನಿನ್ನೆ ಮಾವನ ಮುಂದೇನೇ ಮಗಳಿಗೆ "ಬಾಗಿಲು ತೆಗಿ ನೋಡೋಣ" ಅಂದೆ. ಚಕ್ಕಂತ ತೆಗೆದ್ಲು. ಮಾವ ಏನೂ ಮಾತಾಡ್ಲಿಲ್ಲ, ಸಂಜೆ ಬೇಲಿಯೋನಿಗೆ ಅವರೇ ಫೋನ್ ಮಾಡಿದ್ರು, ನಾಲ್ಕೂ ಕಡೆಗೆ. ಪಂಪ್ ರೂಮ್ ಅವರೇ, ಸ್ವಿಚ್ ಹುಡುಕ್ದೆ, ಬೀಗ ಹಾಕಿದ ಕೋಣೇಲಿದೆ, ಬೀಗದ ಕೈ ಎಲ್ಲಿದೆ ಅಂತ ಮನೇಲಿ ಒಬ್ಬರಿಗೂ ಗೊತ್ತಿಲ್ಲ.